ಗಡೀಪಾರಿನ ಕೇಸು, ವಕೀಲರಿಲ್ಲದ ಮಗು: ಅಮೆರಿಕದ ವಲಸೆ ಕೋರ್ಟ್ ನಡೆಯುವ ರೀತಿ

ಅಮೆರಿಕದಲ್ಲಿ ಕಾರು ಕದ್ದು ಸಿಕ್ಕಿಬಿದ್ದವನ ಕೈಯಲ್ಲಿ ಕಾಸಿಲ್ಲದಿದ್ದರೆ ಸರ್ಕಾರವೇ ಅವನಿಗೆ ವಕೀಲರನ್ನು ಕೊಡುತ್ತದೆ. ಕೊಡಲೇಬೇಕು, ಅದು ಅವನ ಹಕ್ಕು. ಅದೇ ದೇಶದಲ್ಲಿ ಗಡೀಪಾರಿನ ಕೇಸಿನಲ್ಲಿ ನಾಲ್ಕು ವರ್ಷದ ಮಗು ಜಡ್ಜ್ ಮುಂದೆ ಬಂದರೆ, ಆ ಮಗುವಿಗೆ ವಕೀಲರನ್ನು ಕೊಡಲೇಬೇಕು ಎಂಬ ನಿಯಮ ಇಲ್ಲ. ಯಾರಾದರೂ ಪುಣ್ಯಾತ್ಮರು ಪುಕ್ಕಟೆಯಾಗಿ ಬಂದು ವಾದಿಸಿದರೆ ಸರಿ. ಇಲ್ಲದಿದ್ದರೆ ಮಗುವೇ ಉತ್ತರ ಹೇಳಬೇಕು.

ಇದನ್ನು ನಂಬುವುದು ಕಷ್ಟ ಅಲ್ವಾ? 2016ರಲ್ಲಿ ಅಮೆರಿಕದವರೇ ಇದನ್ನು ಕೇಳಿ ಬೆಚ್ಚಿಬಿದ್ದರು. ಮಕ್ಕಳಿಗೆ ವಕೀಲರು ಬೇಕು ಎಂದು ನಾಗರಿಕ ಹಕ್ಕುಗಳ ಸಂಘಟನೆಗಳು ಹೂಡಿದ್ದ ದಾವೆಯಲ್ಲಿ ಜ್ಯಾಕ್ ವೈಲ್ ಎಂಬ ಹಿರಿಯ ವಲಸೆ ನ್ಯಾಯಾಧೀಶರು ಸರ್ಕಾರದ ಪರವಾಗಿ ಸಾಕ್ಷಿ ಹೇಳಿದ್ದರು. ಬೇರೆ ಜಡ್ಜ್‌ಗಳಿಗೆ ತರಬೇತಿ ಕೊಡುವ ಹೊಣೆಯೂ ಅವರ ಮೇಲಿತ್ತು. ಮೂರು, ನಾಲ್ಕು ವರ್ಷದ ಮಕ್ಕಳಿಗೂ ವಲಸೆ ಕಾನೂನು ಕಲಿಸಿದ್ದೇನೆ, ಸಮಯ ಮತ್ತು ತಾಳ್ಮೆ ಬೇಕಾಗುತ್ತದೆ, ಆದರೆ ಅವರಿಗೆ ಅರ್ಥವಾಗುತ್ತದೆ ಎಂದು ಅವರು ಹೇಳಿಕೆ ಕೊಟ್ಟರು. ಈ ಮಾತು ಪತ್ರಿಕೆಗಳಲ್ಲಿ ಬಂದ ಮೇಲೆ, ಸಂದರ್ಭ ಬಿಟ್ಟು ಹೇಳಲಾಗುತ್ತಿದೆ ಎಂದರು. ದಾವೆ ಮಾತ್ರ ಗೆಲ್ಲಲಿಲ್ಲ. ಇದನ್ನು ಈ ದಾರಿಯಲ್ಲಿ ನಮ್ಮ ಮುಂದೆ ತರುವಂತಿಲ್ಲ, ಒಬ್ಬೊಬ್ಬರ ಕೇಸಿನ ಮೇಲ್ಮನವಿಯಲ್ಲೇ ತರಬೇಕು ಎಂದು ಫೆಡರಲ್ ಮೇಲ್ಮನವಿ ಕೋರ್ಟ್ ಅದೇ ವರ್ಷ ಹೇಳಿತು. ವಕೀಲರಿಲ್ಲದ ಮಗು ಮೇಲ್ಮನವಿ ಹಾಕುವುದು ಹೇಗೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ನಮ್ಮ ಕಡೆ ಅಮೆರಿಕದ ವಲಸೆ ಅಂದರೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ, ವೀಸಾ ಸ್ಟ್ಯಾಂಪಿಂಗ್, ಕಾಯಂ ವಾಸಕ್ಕೆ ಬೇಕಾದ ಗ್ರೀನ್ ಕಾರ್ಡ್‌ನ ಕ್ಯೂ ಇಷ್ಟೇ ನೆನಪಾಗುತ್ತವೆ. ಗಡೀಪಾರು ಕೋರ್ಟ್ ನಮಗೆ ಸಂಬಂಧವಿಲ್ಲದ್ದು ಎಂಬ ಭಾವನೆ ಇದೆ. ಇವೆಲ್ಲ ಒಂದೇ ಕಾನೂನಿನ ಒಳಗಿನ ಕೋಣೆಗಳು. ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬ ಬಗ್ಗೆ ಅಮೆರಿಕದವರಲ್ಲಿ ಭಿನ್ನಾಭಿಪ್ರಾಯ ಇರುವುದು ಸಹಜ, ಅದು ಅವರ ದೇಶದ ತೀರ್ಮಾನ. ಆದರೆ ಒಬ್ಬರನ್ನು ಹೊರಗೆ ಕಳಿಸುವ ಮುನ್ನ ಅವರ ಮಾತನ್ನು ಸರಿಯಾಗಿ ಕೇಳಿದರಾ ಎಂಬ ಪ್ರಶ್ನೆ ಬೇರೆ. ಇದಕ್ಕೆ ಎಡ ಬಲ ಇಲ್ಲ ಎಂದು ನಾನು ನಂಬುತ್ತೇನೆ. ಈ ಲೇಖನ ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯ ಬಗ್ಗೆ.

ವಕೀಲರು ಯಾಕೆ ಸಿಗುವುದಿಲ್ಲ

ಇದರ ಬೇರು 1893ರಲ್ಲಿದೆ. ಅದರ ಹಿಂದಿನ ವರ್ಷ ಅಮೆರಿಕದ ಸಂಸತ್ತು ಚೀನೀ ಕೂಲಿಗಳ ಮೇಲೆ ಒಂದು ಕಾಯ್ದೆ ತಂದಿತ್ತು. ದೇಶದಲ್ಲಿರುವ ಪ್ರತಿಯೊಬ್ಬ ಚೀನೀ ಕೂಲಿಯೂ ವಾಸದ ಪ್ರಮಾಣಪತ್ರ ಪಡೆದಿರಬೇಕು. ಪತ್ರ ಇಲ್ಲದೆ ಸಿಕ್ಕಿಬಿದ್ದವನು ತಾನು ಇಲ್ಲೇ ಇದ್ದವನೆಂದು ಸಾಬೀತು ಮಾಡಬೇಕಿದ್ದರೆ ಕನಿಷ್ಠ ಒಬ್ಬ ನಂಬಲರ್ಹ ಬಿಳಿಯ ಸಾಕ್ಷಿಯನ್ನು ಕರೆತರಬೇಕಿತ್ತು. ನ್ಯೂಯಾರ್ಕ್‌ನಲ್ಲಿ ಹೀಗೆ ಸಿಕ್ಕಿಬಿದ್ದ ಮೂವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಅವರಲ್ಲೊಬ್ಬನಿಗೆ ಸಾಕ್ಷಿ ಹೇಳುವವರು ಇದ್ದರು, ಆದರೆ ಅವರೆಲ್ಲ ಚೀನೀಯರು. ಫಾಂಗ್ ಯೂ ಟಿಂಗ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಕೇಸಿನಲ್ಲಿ ಕೋರ್ಟ್ 5-3 ಬಹುಮತದಿಂದ ಸರ್ಕಾರದ ಪರ ನಿಂತಿತು. ಗಡೀಪಾರು ಶಿಕ್ಷೆಯಲ್ಲ, ಅದು ಬರೀ ಆಡಳಿತದ ಕ್ರಮ ಎಂದಿತು.

ಈ ಒಂದು ಮಾತು ಇಂದಿಗೂ ಆಳುತ್ತಿದೆ. 1963ರಲ್ಲಿ ಗಿಡಿಯನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಡ ಆರೋಪಿಗೆ ಸರ್ಕಾರ ವಕೀಲರನ್ನು ಕೊಡಬೇಕು ಎಂದು ತೀರ್ಪು ಕೊಟ್ಟಾಗ, ಅದು ಕ್ರಿಮಿನಲ್ ಕೇಸುಗಳಿಗೆ ಮಾತ್ರ ಅನ್ವಯವಾಯಿತು. ಗಡೀಪಾರು ಶಿಕ್ಷೆಯೇ ಅಲ್ಲವಾದ್ದರಿಂದ ಅದು ಸಿವಿಲ್ ಪ್ರಕರಣವಾಗಿ ಉಳಿಯಿತು. ವಲಸೆ ಕಾಯ್ದೆಯಲ್ಲೂ ಬರೆದಿರುವುದು ಇಷ್ಟೇ: ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ.

ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ಬಾಳಿ, ಮಕ್ಕಳನ್ನು ಬೆಳೆಸಿ, ಸಾಲ ತೀರಿಸಿ, ಒಂದು ಬೆಳಿಗ್ಗೆ ಎಲ್ಲ ಬಿಟ್ಟು ಹೋಗು ಅನ್ನುವುದು ಶಿಕ್ಷೆಯಲ್ಲದೆ ಇನ್ನೇನು? ಆಶ್ರಯ ಕೇಳಿ ಬಂದವರಿಗಂತೂ ವಾಪಸ್ ಹೋಗುವುದೆಂದರೆ ಪ್ರಾಣಕ್ಕೆ ಕುತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಶಕಗಳ ಕಾಲ ವಲಸೆ ನ್ಯಾಯಾಧೀಶರಾಗಿದ್ದ ಡೇನಾ ಲೀ ಮಾರ್ಕ್ಸ್ ಅವರ ಒಂದು ಮಾತು ಬಹಳ ಕಡೆ ಉಲ್ಲೇಖವಾಗುತ್ತದೆ. ನಾವು ಮರಣದಂಡನೆಯಂಥ ಕೇಸುಗಳನ್ನು ಟ್ರಾಫಿಕ್ ಕೋರ್ಟ್‌ನಂಥ ಜಾಗದಲ್ಲಿ ನಡೆಸುತ್ತಿದ್ದೇವೆ ಎಂಬರ್ಥದ ಮಾತು ಅದು. ಅವರು ಸುಮ್ನೆ ಹೇಳಿದ್ದಲ್ಲ. ಜಡ್ಜ್ ಆಗುವ ಮೊದಲು ಅವರು ವಲಸಿಗರ ವಕೀಲೆಯಾಗಿದ್ದರು. 1987ರ ಕಾರ್ಡೋಜಾ-ಫೊನ್ಸೆಕಾ ಕೇಸನ್ನು ಸುಪ್ರೀಂ ಕೋರ್ಟ್‌ನಲ್ಲಿ ವಾದಿಸಿ ಗೆದ್ದವರು. ನನ್ನನ್ನು ಹಿಂಸಿಸುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದೆ ಎಂದು ಆಶ್ರಯ ಕೇಳುವವರು ಸಾಬೀತು ಮಾಡಬೇಕಿಲ್ಲ, ಭಯಕ್ಕೆ ಗಟ್ಟಿ ಆಧಾರ ಇದ್ದರೆ ಸಾಕು ಎಂದು ಆ ತೀರ್ಪು ಹೇಳಿತು. ಆಶ್ರಯದ ಕೇಸುಗಳಲ್ಲಿ ಇವತ್ತಿಗೂ ಆ ಅಳತೆಯೇ ನಡೆಯುತ್ತದೆ.

ಈ ಕೋರ್ಟ್ ಯಾರದು

ವಲಸೆ ಕೋರ್ಟ್ ಎಂಬ ಹೆಸರು ಕೇಳಿದರೆ ನಮ್ಮ ಜಿಲ್ಲಾ ನ್ಯಾಯಾಲಯದಂಥದ್ದು ಕಣ್ಣಿಗೆ ಬರುತ್ತದೆ. ಕಪ್ಪು ನಿಲುವಂಗಿ ಇದೆ, ಎತ್ತರದ ಪೀಠ ಇದೆ, ದೇಶದ ಬಾವುಟ ಇದೆ. ಆದರೆ ಅಮೆರಿಕದ ಸಂವಿಧಾನ ಹೇಳುವ ಸ್ವತಂತ್ರ ನ್ಯಾಯಾಂಗದ ಭಾಗ ಇದಲ್ಲ. 1983ರಲ್ಲಿ ನ್ಯಾಯ ಇಲಾಖೆಯ ಒಳಗೇ ಒಂದು ಕಚೇರಿ ತೆರೆದು, ವಲಸೆ ನ್ಯಾಯಾಧೀಶರನ್ನೂ ಅವರ ಮೇಲಿನ ಮೇಲ್ಮನವಿ ಮಂಡಳಿಯನ್ನೂ ಅದರಡಿ ಇಟ್ಟರು. ಜಡ್ಜ್‌ಗಳನ್ನು ನೇಮಿಸುವವರು ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥರು, ಅಧ್ಯಕ್ಷರ ಸಂಪುಟದ ಸದಸ್ಯರು. ತೆಗೆಯುವ ಅಧಿಕಾರವೂ ಅವರ ಇಲಾಖೆಗೇ ಸೇರಿದ್ದು. ಎದುರು ನಿಂತು ಗಡೀಪಾರು ಮಾಡಿ ಎಂದು ವಾದಿಸುವವರು ಗೃಹಭದ್ರತಾ ಇಲಾಖೆಯ ವಕೀಲರು, ಅವರೂ ಅದೇ ಸರ್ಕಾರದವರು. ಹೀಗೆ ಸರ್ಕಾರಕ್ಕೆ ವಕೀಲರಿದ್ದಾರೆ, ಪೀಠದಲ್ಲಿ ಸರ್ಕಾರದ ನೌಕರರಿದ್ದಾರೆ. ಈಚೆ ಬದಿಯಲ್ಲಿ ಎಷ್ಟೋ ಸಲ ಇಂಗ್ಲಿಷ್ ಬಾರದ ಒಬ್ಬ ಮನುಷ್ಯ, ಫೋನಿನ ಆಚೆ ಕಡೆಯಿಂದ ಮಾತಾಡುವ ಒಬ್ಬ ದುಭಾಷಿ.

ಇಷ್ಟಕ್ಕೇ ಮುಗಿಯಲಿಲ್ಲ. ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪನ್ನು ಅಟಾರ್ನಿ ಜನರಲ್ ತಮ್ಮ ಬಳಿಗೆ ತರಿಸಿಕೊಂಡು ತಾವೇ ಬದಲಾಯಿಸಬಹುದು. 2018ರಲ್ಲಿ ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಹೀಗೇ ಮಾಡಿದರು. ಎಲ್ ಸಾಲ್ವಡೋರ್‌ನ ಒಬ್ಬ ಹೆಂಗಸು ಗಂಡನ ಹಿಂಸೆ ತಾಳಲಾರದೆ ಓಡಿಬಂದು ಆಶ್ರಯ ಕೇಳಿದ್ದಳು. ಮಂಡಳಿ ಅವಳ ಪರವಾಗಿತ್ತು. ಸೆಷನ್ಸ್ ಅದನ್ನು ತಿರುಗಿಸಿ, ಮನೆಯೊಳಗಿನ ಹಿಂಸೆ ಅಥವಾ ಗ್ಯಾಂಗ್‌ಗಳ ಹಿಂಸೆಯ ಕಾರಣಕ್ಕೆ ಸಾಮಾನ್ಯವಾಗಿ ಆಶ್ರಯ ಸಿಗುವುದಿಲ್ಲ ಎಂದು ಬರೆದರು. ಅದು ಒಬ್ಬಳ ಕೇಸಿಗೆ ನಿಲ್ಲದೆ ದೇಶದ ಎಲ್ಲ ವಲಸೆ ಕೋರ್ಟ್‌ಗಳಿಗೂ ನಿಯಮವಾಯಿತು. 2021ರಲ್ಲಿ ಮುಂದಿನ ಸರ್ಕಾರದ ಅಟಾರ್ನಿ ಜನರಲ್ ಮೆರಿಕ್ ಗಾರ್ಲಂಡ್ ಅದನ್ನು ರದ್ದು ಮಾಡಿದರು. ಕಾನೂನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಚುನಾವಣೆಯಲ್ಲಿ ಗೆದ್ದ ಪಕ್ಷ ಬದಲಾಗಿತ್ತು, ಅಷ್ಟೇ. ಒಬ್ಬ ಹೆಂಗಸಿನ ಪ್ರಾಣದ ಪ್ರಶ್ನೆ ಯಾವ ವರ್ಷ ಹಿಯರಿಂಗ್ ಬಂತು ಎಂಬುದರ ಮೇಲೆ ನಿಲ್ಲಬಾರದು.

ಅದೇ 2018ರಲ್ಲಿ ಪ್ರತಿ ವಲಸೆ ನ್ಯಾಯಾಧೀಶರೂ ವರ್ಷಕ್ಕೆ 700 ಕೇಸು ಮುಗಿಸಬೇಕು ಎಂಬ ಗುರಿ ಬಂತು. ಮುಗಿಸದಿದ್ದರೆ ಅವರ ಕೆಲಸದ ಮೌಲ್ಯಮಾಪನದಲ್ಲಿ ಪೆಟ್ಟು. ರಜೆ ಕಳೆದು ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚುಕಡಿಮೆ ಮೂರು ಕೇಸು. ಒಬ್ಬ ಆಶ್ರಯಾರ್ಥಿಯ ಕಥೆ ಕೇಳಿ, ಸಾಕ್ಷಿ ನೋಡಿ, ಅವನ ದೇಶದ ಸ್ಥಿತಿಯ ವರದಿ ಓದುವುದಕ್ಕೇ ಒಂದು ದಿನ ಸಾಲುವುದಿಲ್ಲ. ಗುರಿಯನ್ನು 2021ರಲ್ಲಿ ಕೈಬಿಟ್ಟರು. 2025ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಹತ್ತಾರು ವಲಸೆ ನ್ಯಾಯಾಧೀಶರನ್ನು ಕೆಲಸದಿಂದ ತೆಗೆಯಿತು. ಬಾಕಿ ಇರುವ ಕೇಸುಗಳು 2024ರ ಕೊನೆಗೇ 35 ಲಕ್ಷ ದಾಟಿದ್ದವು. ಕೇಸು ಬೆಟ್ಟದಷ್ಟಿರುವಾಗ ಜಡ್ಜ್‌ಗಳನ್ನು ಕಡಿಮೆ ಮಾಡಿದರೆ, ಉಳಿದವರ ಕಿವಿಗೆ ಬೀಳುವ ಸಂದೇಶ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಕಡೆಗೂ ಒಮ್ಮೆ ನೋಡಬೇಕು. ಅಸ್ಸಾಮಿನ ವಿದೇಶಿಯರ ನ್ಯಾಯಮಂಡಳಿಗಳ ಬಗ್ಗೆಯೂ ಇದೇ ದೂರು ಇದೆ. ಅವುಗಳ ಸದಸ್ಯರ ನೇಮಕ ಮತ್ತು ಮುಂದುವರಿಕೆ ಸರ್ಕಾರದ ಕೈಯಲ್ಲಿದೆ. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ 1946ರ ಕಾಯ್ದೆಯಂತೆ ವ್ಯಕ್ತಿಯ ಮೇಲೆಯೇ ಇತ್ತು, 2025ರ ಹೊಸ ಕಾಯ್ದೆಯಲ್ಲೂ ಅದು ಹಾಗೇ ಉಳಿದಿದೆ. ಬೆರಳು ಅಮೆರಿಕದ ಕಡೆ ಮಾತ್ರ ತೋರಿಸಿದರೆ ಸರಿಯಾಗುವುದಿಲ್ಲ.

ಅದೃಷ್ಟದ ಪಾಲು ಎಷ್ಟು

2007ರಲ್ಲಿ ಮೂವರು ಕಾನೂನು ಪ್ರಾಧ್ಯಾಪಕರು ಆಶ್ರಯದ ತೀರ್ಪುಗಳನ್ನು ರಾಶಿ ಹಾಕಿ ಲೆಕ್ಕ ನೋಡಿದರು. ಮಯಾಮಿಯ ವಲಸೆ ಕೋರ್ಟ್‌ನಲ್ಲಿ ಕೊಲಂಬಿಯಾದಿಂದ ಬಂದವರ ಕೇಸುಗಳನ್ನು ಒಬ್ಬ ಜಡ್ಜ್ ನೋಡಿದರೆ ನೂರಕ್ಕೆ 5 ಜನರಿಗೆ ಆಶ್ರಯ ಸಿಗುತ್ತಿತ್ತು. ಅದೇ ಕಟ್ಟಡದ ಇನ್ನೊಬ್ಬ ಜಡ್ಜ್ ನೋಡಿದರೆ ನೂರಕ್ಕೆ 88. ಒಂದೇ ದೇಶದವರು, ಒಂದೇ ಕಾನೂನು, ಒಂದೇ ಕೋರ್ಟ್. ಮನುಷ್ಯರಾದ ಮೇಲೆ ಅಭಿಪ್ರಾಯ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ ನಿಜ. 5ಕ್ಕೂ 88ಕ್ಕೂ ಇರುವ ಅಂತರಕ್ಕೆ ಆ ಸಮಾಧಾನ ಸಾಲದು.

ಜಡ್ಜ್ ಯಾರು ಎಂಬುದು ನಮ್ಮ ಕೈಯಲ್ಲಿಲ್ಲ. ವಕೀಲರು ಇದ್ದಾರಾ ಇಲ್ಲವಾ ಎಂಬುದನ್ನಾದರೂ ಬದಲಾಯಿಸಬಹುದು. 2007ರಿಂದ 2012ರವರೆಗಿನ 12 ಲಕ್ಷಕ್ಕೂ ಹೆಚ್ಚು ಗಡೀಪಾರು ಕೇಸುಗಳನ್ನು ನೋಡಿದ ಒಂದು ಅಧ್ಯಯನದಲ್ಲಿ ಒಟ್ಟಾರೆ ಶೇ 37ರಷ್ಟು ಜನರಿಗೆ ಮಾತ್ರ ವಕೀಲರಿದ್ದರು. ಬಂಧನದಲ್ಲಿದ್ದವರಲ್ಲಿ ಶೇ 14. ಒಳಗಿದ್ದವರಿಗೆ ಯಾಕೆ ಇಷ್ಟು ಕಡಿಮೆ ಅಂದರೆ, ಬಂಧನ ಕೇಂದ್ರಗಳು ಎಷ್ಟೋ ಕಡೆ ದೊಡ್ಡ ಊರುಗಳಿಂದ ಬಹಳ ದೂರ. ವಕೀಲರು ಹೋಗಿಬರುವುದಕ್ಕೇ ಇಡೀ ದಿನ ಬೇಕು. ಒಳಗಿರುವವನಿಗೆ ಸಂಬಳವಿಲ್ಲ, ಫೋನ್ ಮಾಡಲು ದುಡ್ಡು ಕೊಡಬೇಕು, ಕಾಗದಪತ್ರಗಳೆಲ್ಲ ಮನೆಯಲ್ಲಿವೆ. ತನ್ನ ಊರಿನಿಂದ ಪೊಲೀಸ್ ದೂರಿನ ನಕಲು ತರಿಸುವುದು ಹೇಗೆ? ತರಿಸಿದರೂ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ಸಹಿ ಸಮೇತ ಕೊಡಬೇಕು. ಇಲ್ಲದಿದ್ದರೆ ಕೋರ್ಟ್ ಅದನ್ನು ನೋಡುವುದಿಲ್ಲ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು, ರಾಬರ್ಟ್ ಕಾಟ್ಸ್‌ಮನ್. ನ್ಯೂಯಾರ್ಕ್‌ನ ಫೆಡರಲ್ ಮೇಲ್ಮನವಿ ಕೋರ್ಟ್‌ನ ನ್ಯಾಯಾಧೀಶರು. ವಲಸೆ ಕೇಸುಗಳು ಮೇಲ್ಮನವಿಯಾಗಿ ಅವರ ಮೇಜಿಗೆ ಬರುತ್ತಿದ್ದವು. ಎಷ್ಟೋ ಕೇಸುಗಳಲ್ಲಿ ಕೆಳಗಿನ ಕೋರ್ಟ್‌ನಲ್ಲಿ ಹೇಳಬೇಕಾದ ಮಾತನ್ನು ಯಾರೂ ಹೇಳಿಯೇ ಇರಲಿಲ್ಲ. ವಕೀಲರಿರಲಿಲ್ಲ, ಇದ್ದರೂ ಬೇಜವಾಬ್ದಾರಿಯವರು. ಮೇಲಿನ ಕೋರ್ಟ್‌ಗೆ ಬಂದ ಮೇಲೆ ಹೊಸದಾಗಿ ಏನನ್ನೂ ಸೇರಿಸುವಂತಿಲ್ಲ. 2007ರ ಒಂದು ಭಾಷಣದಲ್ಲಿ ಅವರು ಈ ಸಂಕಟವನ್ನು ಬಹಿರಂಗವಾಗಿ ಹೇಳಿ, ನ್ಯೂಯಾರ್ಕ್‌ನ ವಕೀಲ ಸಮುದಾಯವನ್ನು ಕೈಜೋಡಿಸಲು ಕರೆದರು. ಅವರು ಕಟ್ಟಿದ ಅಧ್ಯಯನ ತಂಡದ ಕೆಲಸದಿಂದ ಒಂದು ವಿಷಯ ಬಯಲಾಯಿತು. ಬಂಧನದಲ್ಲಿದ್ದು ವಕೀಲರಿಲ್ಲದವರಲ್ಲಿ ಕೇಸು ಗೆಲ್ಲುತ್ತಿದ್ದವರು ನೂರಕ್ಕೆ 3-4 ಜನ ಮಾತ್ರ.

2013ರಲ್ಲಿ ನ್ಯೂಯಾರ್ಕ್ ನಗರ ಸಭೆ ತನ್ನ ಹಣದಲ್ಲಿ ಒಂದು ಪ್ರಯೋಗ ಶುರು ಮಾಡಿತು. ಬಂಧನದಲ್ಲಿದ್ದು ನಗರದ ವ್ಯಾರಿಕ್ ಸ್ಟ್ರೀಟ್ ವಲಸೆ ಕೋರ್ಟ್‌ಗೆ ಬರುವ, ವಕೀಲರನ್ನು ಇಡಲಾಗದ ಬಡವರಿಗೆಲ್ಲ ನಗರದ ಖರ್ಚಿನಲ್ಲಿ ವಕೀಲರು. ಗೆಲ್ಲುವ ಕೇಸು ಮಾತ್ರ ಆರಿಸಿಕೊಳ್ಳುವುದು ಇಲ್ಲ, ಆದಾಯ ಕಡಿಮೆ ಇದ್ದರೆ ಸಾಕು. 2017ರಲ್ಲಿ ವೆರಾ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆ ಇದರ ಮೌಲ್ಯಮಾಪನ ಮಾಡಿದಾಗ, ಈ ಕೇಸುಗಳಲ್ಲಿ ಗೆಲುವು ಸುಮಾರು ಶೇ 48ಕ್ಕೆ ಏರಬಹುದು ಎಂಬ ಅಂದಾಜು ಬಂತು. ಮೊದಲು ವಕೀಲರಿಲ್ಲದೆ ಇದ್ದದ್ದು ಶೇ 4. ಕಾನೂನು ಅದೇ, ಜಡ್ಜ್‌ಗಳು ಅವರೇ. ಅಂದರೆ ಮೊದಲು ಸೋತು ವಾಪಸ್ ಹೋದವರಲ್ಲಿ ಎಷ್ಟೋ ಜನಕ್ಕೆ ಅಲ್ಲಿ ಉಳಿಯುವ ಕಾನೂನುಬದ್ಧ ಹಕ್ಕು ಇತ್ತು, ಅದನ್ನು ಹೇಳುವವರು ಇರಲಿಲ್ಲ. ನನ್ನ ಪಾಲಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇಲ್ಲ. ಕಾಟ್ಸ್‌ಮನ್ 2021ರಲ್ಲಿ ತೀರಿಕೊಂಡರು. ಅವರ ಪ್ರಯತ್ನದಿಂದ 2014ರಲ್ಲಿ ಶುರುವಾದ ಇಮಿಗ್ರಂಟ್ ಜಸ್ಟಿಸ್ ಕೋರ್ ಹೊಸದಾಗಿ ಕಾನೂನು ಓದಿ ಬಂದವರಿಗೆ ತರಬೇತಿ ಕೊಟ್ಟು ವಲಸಿಗರ ಪರವಾಗಿ ನಿಲ್ಲಿಸುತ್ತಿದೆ.

ಇಲ್ಲದ ದಿನಾಂಕದ ನೋಟಿಸ್

ಗಡೀಪಾರು ಕೇಸು ಶುರುವಾಗುವುದು ಒಂದು ನೋಟಿಸ್‌ನಿಂದ. ಕೋರ್ಟ್‌ಗೆ ಇಂಥ ದಿನ ಇಷ್ಟು ಹೊತ್ತಿಗೆ ಬನ್ನಿ ಎಂದು ಅದರಲ್ಲಿ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ವರ್ಷಗಟ್ಟಲೆ ಅಧಿಕಾರಿಗಳು ದಿನಾಂಕದ ಜಾಗದಲ್ಲಿ ‘ಮುಂದೆ ತಿಳಿಸಲಾಗುವುದು’ ಎಂದು ಬರೆದು ಕೊಡುತ್ತಿದ್ದರು. 2018ರಲ್ಲಿ ಪೆರೇರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇಂಥ ನೋಟಿಸ್ ಪೂರ್ಣವಲ್ಲ ಎಂದಿತು. ಆಗ ಏನಾಯಿತು? ಕೆಲವು ಕಡೆ ಅಧಿಕಾರಿಗಳು ಬಾಯಿಗೆ ಬಂದ ದಿನಾಂಕ ಹಾಕತೊಡಗಿದರು. ಸೆಪ್ಟೆಂಬರ್ 31 ಎಂದು ಬರೆದ ನೋಟಿಸ್‌ಗಳು ಬಂದವು. ಮಧ್ಯರಾತ್ರಿ ಬನ್ನಿ, ಭಾನುವಾರ ಬನ್ನಿ ಎಂದವೂ ಇದ್ದವು. 2019ರ ಜನವರಿ 31ರಂದು ಹಲವು ನಗರಗಳ ಕೋರ್ಟ್‌ಗಳ ಮುಂದೆ ಜನ ಚಳಿಯಲ್ಲಿ ಸಾಲುಗಟ್ಟಿ ನಿಂತಿದ್ದರು. ಅವರಲ್ಲಿ ಎಷ್ಟೋ ಜನರ ಹೆಸರು ಕೋರ್ಟ್‌ನ ಪಟ್ಟಿಯಲ್ಲೇ ಇರಲಿಲ್ಲ.

ನಗುವ ವಿಷಯ ಅಲ್ಲ ಇದು. ಹಿಯರಿಂಗ್‌ಗೆ ಬಾರದಿದ್ದರೆ ಜಡ್ಜ್ ಆ ವ್ಯಕ್ತಿಯ ಗೈರುಹಾಜರಿಯಲ್ಲೇ ಗಡೀಪಾರಿನ ಆದೇಶ ಹೊರಡಿಸಬಹುದು. ಹೋಗದಿದ್ದರೆ ಆದೇಶ, ಹೋದರೆ ಹಿಯರಿಂಗೇ ಇಲ್ಲ. ಈಗಂತೂ ಹೋಗುವುದಕ್ಕೂ ಹೆದರುವ ಸ್ಥಿತಿ ಬಂದಿದೆ. 2025ರ ಮೇ ತಿಂಗಳಿಂದ ನ್ಯೂಯಾರ್ಕ್, ಫೀನಿಕ್ಸ್ ಮುಂತಾದ ಊರುಗಳಲ್ಲಿ ವಲಸೆ ಜಾರಿ ಅಧಿಕಾರಿಗಳು ಕೋರ್ಟ್ ಕಾರಿಡಾರ್‌ನಲ್ಲೇ ಕಾದು ನಿಂತು, ಹೇಳಿದ ದಿನ ಹೇಳಿದ ಹೊತ್ತಿಗೆ ಹಾಜರಾದವರನ್ನೇ ಬಂಧಿಸತೊಡಗಿದರು. ಎಷ್ಟೋ ಕಡೆ ಸರ್ಕಾರದ ವಕೀಲರು ಮೊದಲು ಕೇಸನ್ನು ವಜಾ ಮಾಡಿ ಎಂದು ಕೇಳುತ್ತಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡು ಹೊರಗೆ ಬಂದವರನ್ನು ಹಿಡಿದು, ಜಡ್ಜ್ ಮುಂದೆ ಹೋಗುವ ಅವಕಾಶವಿಲ್ಲದ ತ್ವರಿತ ಗಡೀಪಾರಿಗೆ ಹಾಕುತ್ತಿದ್ದರು. ಆ ತ್ವರಿತ ವಿಧಾನ 1996ರ ಕಾಯ್ದೆಯಲ್ಲೇ ಇದೆ. ಬಹುಕಾಲ ಅದನ್ನು ಗಡಿಯ ಆಸುಪಾಸಿನಲ್ಲಿ, ಆಗಷ್ಟೇ ಬಂದವರ ಮೇಲೆ ಮಾತ್ರ ಬಳಸುತ್ತಿದ್ದರು. ಇದೇ 2025ರಲ್ಲಿ ಅದನ್ನು ದೇಶದ ಒಳಗೆಲ್ಲ ಬಳಸಲು ಸರ್ಕಾರ ಹೊರಟಿತು, ಅದರ ಮೇಲೆ ದಾವೆಗಳು ಬಿದ್ದಿವೆ.

ನಮ್ಮವರ ಬಾಗಿಲಿಗೆ

ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಎಂ.ಎಸ್. ಮಾಡಲು ಹೋದ ಮಕ್ಕಳಿಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳು ಅಲ್ಲಿ ಇರಲು ಬೇಕಾದ ದಾಖಲೆಗಳನ್ನು ಸರ್ಕಾರದ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ರದ್ದು ಮಾಡಲಾಯಿತು. ಭಾರತದವರು ಬಹಳ ಜನ ಇದ್ದರು. ಕೆಲವರ ಹೆಸರಿನಲ್ಲಿ ಇದ್ದದ್ದು ಒಂದು ಟ್ರಾಫಿಕ್ ದಂಡ, ಕೆಲವರದು ಎಂದೋ ವಜಾ ಆದ ಸಣ್ಣ ಕೇಸು. ನೋಟಿಸ್ ಇಲ್ಲ, ಉತ್ತರ ಹೇಳುವ ಅವಕಾಶ ಇಲ್ಲ. ದೇಶದ ಉದ್ದಗಲಕ್ಕೂ ದಾವೆಗಳು ಬಿದ್ದವು, ಒಬ್ಬರ ಹಿಂದೆ ಒಬ್ಬರು ಫೆಡರಲ್ ಜಡ್ಜ್‌ಗಳು ತಡೆ ಕೊಟ್ಟರು. ತಿಂಗಳು ಮುಗಿಯುವುದರೊಳಗೆ ದಾಖಲೆಗಳನ್ನು ಮತ್ತೆ ಜಾರಿಗೆ ತರುತ್ತೇವೆ ಎಂದು ಸರ್ಕಾರವೇ ಕೋರ್ಟ್‌ಗೆ ಹೇಳಿತು. ಈ ಫೆಡರಲ್ ಕೋರ್ಟ್‌ಗಳು ನ್ಯಾಯ ಇಲಾಖೆಯ ಕೈಕೆಳಗಿಲ್ಲದ, ಸಂವಿಧಾನದ ರಕ್ಷಣೆ ಇರುವ ಕೋರ್ಟ್‌ಗಳು. ಈ ವ್ಯತ್ಯಾಸವೇ ಆ ಮಕ್ಕಳನ್ನು ಉಳಿಸಿತು.

ಇನ್ನು ಗ್ರೀನ್ ಕಾರ್ಡ್. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾರ್ಡ್. ಇದರಲ್ಲೇ ಹೆಂಡತಿ, ಗಂಡ, ಮಕ್ಕಳ ಲೆಕ್ಕವೂ ಸೇರುತ್ತದೆ. ಈ ಸಂಖ್ಯೆಯನ್ನು 1990ರಲ್ಲಿ ನಿಗದಿ ಮಾಡಿದ್ದು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಇಲ್ಲ. 140 ಕೋಟಿ ಜನರಿರುವ ಭಾರತಕ್ಕೂ ಅದೇ ಮಿತಿ, ನಾಲ್ಕು ಲಕ್ಷ ಜನರಿರುವ ಐಸ್‌ಲ್ಯಾಂಡಿಗೂ ಅದೇ. ನೋಡುವುದು ಹುಟ್ಟಿದ ದೇಶವನ್ನು, ಪೌರತ್ವವನ್ನಲ್ಲ. ಮೈಸೂರಿನಲ್ಲಿ ಹುಟ್ಟಿ ಈಗ ಕೆನಡಾದ ಪಾಸ್‌ಪೋರ್ಟ್ ಇರುವವರೂ ಭಾರತದ ಕ್ಯೂನಲ್ಲೇ ನಿಲ್ಲಬೇಕು. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಕ್ಯೂಗೆ ಹೋಗಬಹುದು. 2025ರಲ್ಲಿ ಉನ್ನತ ಪದವಿ ಇರುವವರ ಇಬಿ-2 ವರ್ಗದಲ್ಲಿ ಭಾರತದವರಿಗೆ ಪ್ರಯಾರಿಟಿ ಡೇಟ್, ಅಂದರೆ ಸರದಿ ಬಂದವರು ಅರ್ಜಿ ಹಾಕಿದ್ದ ದಿನಾಂಕ, ಇನ್ನೂ 2012-13ರ ಆಸುಪಾಸಿನಲ್ಲೇ ಇತ್ತು. ಹೊಸದಾಗಿ ಸೇರುವವರ ಮುಂದೆ ನಿಂತವರನ್ನು ಎಣಿಸಿದರೆ ಇದು ದಶಕಗಳ ಮಾತು.

ಇದರಲ್ಲಿ ನನಗೆ ತುಂಬಾ ನೋವು ಅನ್ನಿಸುವುದು ಮಕ್ಕಳ ವಿಷಯ. ಅಪ್ಪ ಅಮ್ಮನ ಜೊತೆ ಮೂರು ವರ್ಷದವರಾಗಿದ್ದಾಗ ಬಂದು, ಡಾಲಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಶಾಲೆ ಕಲಿತು ಬೆಳೆದ ಮಕ್ಕಳು 21 ತುಂಬಿದ ದಿನ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ತಾವು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿಯಾಗಬೇಕು, ಇಲ್ಲವೇ ನೆನಪೇ ಇಲ್ಲದ ದೇಶಕ್ಕೆ ಹೊರಡಬೇಕು. 2002ರ ಒಂದು ಕಾಯ್ದೆ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಆ ಲೆಕ್ಕವನ್ನು ಅರ್ಜಿಗಳನ್ನು ನೋಡುವ ವಲಸೆ ಇಲಾಖೆ 2023ರಲ್ಲಿ ಸಡಿಲ ಮಾಡಿತು, 2025ರ ಆಗಸ್ಟ್‌ನಲ್ಲಿ ಮತ್ತೆ ಬಿಗಿ ಮಾಡಿತು. ಇಂಥ ಯುವಕ ಯುವತಿಯರೇ ಇಂಪ್ರೂವ್ ದ ಡ್ರೀಮ್ ಎಂಬ ಸಂಘಟನೆ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋಗಿ ಸಂಸದರ ಮುಂದೆ ತಮ್ಮ ಕಥೆ ಹೇಳುತ್ತಿದ್ದಾರೆ. ಎರಡೂ ಪಕ್ಷದವರ ಬೆಂಬಲದ ಮಸೂದೆಯೂ ಮಂಡನೆಯಾಗಿದೆ, ಪಾಸಾಗಿಲ್ಲ.

ದೇಶವಾರು ಮಿತಿಯ ಹೋರಾಟದ ಕಥೆಯನ್ನೂ ಪೂರ್ತಿ ಹೇಳಬೇಕು. ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದ ಮಸೂದೆಯನ್ನು ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು, ಎಲ್ಲ ಮತ್ತೆ ಮೊದಲಿನಿಂದ. ವಿರೋಧಿಸಿದವರೆಲ್ಲ ಭಾರತೀಯರ ದ್ವೇಷಿಗಳು ಎಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ್ದು ಸರಿಯಲ್ಲ. ಒಟ್ಟು ಸಂಖ್ಯೆ ಅಷ್ಟೇ ಇಟ್ಟು ಮಿತಿ ಮಾತ್ರ ತೆಗೆದರೆ, ಮುಂದಿನ ಹಲವು ವರ್ಷ ಹೆಚ್ಚಿನ ಕಾರ್ಡ್‌ಗಳು ಭಾರತ ಮತ್ತು ಚೀನಾದವರಿಗೆ ಹೋಗುತ್ತವೆ. ಈಗ ಬೇಗ ಸಿಗುತ್ತಿರುವ ಬೇರೆ ದೇಶದವರು ಕಾಯಬೇಕಾಗುತ್ತದೆ. ಸೆನೆಟರ್ ಡಿಕ್ ಡರ್ಬಿನ್ ಒಟ್ಟು ಸಂಖ್ಯೆಯನ್ನೇ ಹೆಚ್ಚಿಸಿ ಎಂದು ಹಿಡಿದ ಪಟ್ಟಿನಲ್ಲಿ ಅರ್ಥ ಇತ್ತು. ಕಾಯುವ ಕಷ್ಟವನ್ನು ಒಬ್ಬರ ಹೆಗಲಿನಿಂದ ಇಳಿಸಿ ಇನ್ನೊಬ್ಬರ ಹೆಗಲಿಗೆ ಹಾಕಿದರೆ ನ್ಯಾಯ ಅರ್ಧವೇ ಆಗುತ್ತದೆ. ಹುಟ್ಟಿದ ಊರಿನ ಲೆಕ್ಕವೂ ಹೋಗಬೇಕು, 1990ರ ಸಂಖ್ಯೆಯೂ ಬದಲಾಗಬೇಕು.

ಕೆಲಸದ ವೀಸಾದಲ್ಲಿ ಇರುವವರು ಗಡೀಪಾರು ಕೋರ್ಟ್‌ನಿಂದ ದೂರವೇನೂ ಇಲ್ಲ. 2025ರ ಫೆಬ್ರವರಿಯ ಒಂದು ನಿರ್ದೇಶನದ ಪ್ರಕಾರ, ವೀಸಾ ವಿಸ್ತರಣೆಯಂಥ ಅರ್ಜಿ ತಿರಸ್ಕಾರವಾಗಿ, ಆ ಹೊತ್ತಿಗೆ ಇರಲು ಬೇರೆ ಪರವಾನಗಿ ಉಳಿದಿರದಿದ್ದರೆ, ವಲಸೆ ಇಲಾಖೆ ಗಡೀಪಾರು ಕೋರ್ಟ್‌ನ ನೋಟಿಸ್ ಕೊಡಬಹುದು. ಕೆಲಸ ಕಳೆದುಕೊಂಡು 60 ದಿನದ ಗಡುವಿನಲ್ಲಿ ಓಡಾಡುವ ಇಂಜಿನಿಯರ್‌ಗೂ ಹೊಂಡುರಾಸಿನಿಂದ ಬಂದ ತಾಯಿಗೂ ಆ ಮೇಲೆ ಒಂದೇ ಕೋರ್ಟ್, ಒಂದೇ ಸಾಲು ಬೆಂಚು.

ಬದಲಾವಣೆ ಎಲ್ಲಿಂದ

ಕೋರ್ಟನ್ನು ನ್ಯಾಯ ಇಲಾಖೆಯಿಂದ ಬಿಡಿಸಿ ಸ್ವತಂತ್ರ ಮಾಡಬೇಕು ಎಂದು ಅಮೆರಿಕದ ವಕೀಲರ ಸಂಘವೂ ವಲಸೆ ನ್ಯಾಯಾಧೀಶರ ಒಕ್ಕೂಟವೂ ವರ್ಷಗಳಿಂದ ಕೇಳುತ್ತಿವೆ. 2022ರಲ್ಲಿ ಸಂಸದೆ ಜೋ ಲಾಫ್‌ಗ್ರೆನ್ ಇದಕ್ಕೊಂದು ಮಸೂದೆ ತಂದರು, ಕಾನೂನಾಗಲಿಲ್ಲ. ದೊಡ್ಡ ಕಾನೂನು ಆಗದಿದ್ದರೂ ಸಣ್ಣ ಗೆಲುವುಗಳು ಆಗಿವೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಫೆಡರಲ್ ಜಡ್ಜ್, ಬಂಧನದಲ್ಲಿದ್ದು ಮಾನಸಿಕ ಅಸ್ವಸ್ಥತೆಯಿಂದ ತಮ್ಮ ಕೇಸು ನಡೆಸಲಾಗದವರಿಗೆ ವಕೀಲರನ್ನು ಕೊಡಲೇಬೇಕು ಎಂದು ಮೂರು ರಾಜ್ಯಗಳ ಮಟ್ಟಿಗೆ ಆದೇಶಿಸಿದರು. ಅದಕ್ಕೂ ಮೊದಲು, 2010ರ ಪಡಿಯಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ವಕೀಲರಿಗೆ ಒಂದು ಹೊಣೆ ಹೊರಿಸಿತು. ತಪ್ಪೊಪ್ಪಿಗೆಯಿಂದ ಗಡೀಪಾರು ಆಗುವ ಅಪಾಯವಿದ್ದರೆ ಕಕ್ಷಿದಾರರಿಗೆ ಮೊದಲೇ ಹೇಳಬೇಕು.

ಮತದ ಹಕ್ಕಿಲ್ಲದವರು ಏನು ಮಾಡಬಹುದು ಎಂದು ಬಹಳ ಜನ ಕೇಳುತ್ತಾರೆ. ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿದಾಗ ಅಭಿಪ್ರಾಯ ಸಲ್ಲಿಸಲು ಪೌರರಾಗಿರಬೇಕಿಲ್ಲ. ಎಚ್-1ಬಿ ನೌಕರರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿರುವ ಗೃಹಿಣಿಯೂ ಬರೆಯಬಹುದು. ಎಚ್-4ನವರಿಗೆ ಕೆಲಸ ಮಾಡುವ ಅನುಮತಿ ಕೊಟ್ಟ 2015ರ ನಿಯಮ ಬಂದದ್ದೂ ಹೀಗೆ ಕರಡು ಹೊರಡಿಸಿ, ಸಾವಿರಾರು ಪತ್ರ ಓದಿದ ಮೇಲೆಯೇ. ತಾವಿರುವ ಕ್ಷೇತ್ರದ ಸಂಸದರ ಕಚೇರಿಗೆ ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಿ ವಿಚಾರಿಸಲು ಕೇಳಬಹುದು. ಹೋಗುವಾಗ ಎಲ್ಲ ಭಾರತೀಯರ ಕಷ್ಟ ಎಂದು ಹೇಳುವುದಕ್ಕಿಂತ ಒಂದು ಮನೆಯ ಕಷ್ಟವನ್ನು ತಾರೀಕು ಸಮೇತ ಹೇಳಿದರೆ ಜಾಸ್ತಿ ಕೆಲಸವಾಗುತ್ತದೆ.

ನಿಮ್ಮ ಮನೆಯವರು ಯಾರಾದರೂ ಅಲ್ಲಿದ್ದರೆ ಕೆಲವು ಮಾತು. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಅರ್ಜಿಯಲ್ಲಿ ತಿಳಿಸಬೇಕು, ವಿದ್ಯಾರ್ಥಿಗಳಾದರೆ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಗೆ. ಕೋರ್ಟ್‌ನಲ್ಲಿ ಕೇಸಿದ್ದರೆ ಕೋರ್ಟ್‌ಗೆ ಐದು ಕೆಲಸದ ದಿನದೊಳಗೆ ಬೇರೆಯಾಗಿಯೇ ತಿಳಿಸಬೇಕು, ಒಂದು ಕಡೆ ಹೇಳಿದರೆ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ಗೈರುಹಾಜರಿಯ ಆದೇಶಗಳಲ್ಲಿ ಎಷ್ಟೋ ಹುಟ್ಟುವುದು ಹಳೆಯ ವಿಳಾಸಕ್ಕೆ ಹೋದ ನೋಟಿಸ್‌ನಿಂದ. ನೋಟಿಸ್ ಕೈಗೆ ಸಿಕ್ಕಿದರೆ ಅದರ ಮೇಲಿನ ‘ಎ’ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ವಲಸೆ ಕೋರ್ಟ್‌ನ ವೆಬ್‌ಸೈಟಿನಲ್ಲಿ ಹಾಕಿ ಹಿಯರಿಂಗ್ ದಿನಾಂಕವನ್ನು ಮತ್ತೆ ಮತ್ತೆ ನೋಡುತ್ತಿರಿ, ತಿಳಿಸದೆಯೇ ಬದಲಾಗುವುದುಂಟು. ಸಲಹೆಗೆ ಹೋಗುವಾಗ ಎದುರಿಗಿರುವವರು ವಕೀಲರೋ ಅಲ್ಲವೋ ವಿಚಾರಿಸಿ. ವಲಸೆ ಕೇಸಿನಲ್ಲಿ ಹಣ ಪಡೆದು ಸಲಹೆ ಕೊಡಲು ವಕೀಲರಿಗೆ ಮತ್ತು ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ ಅಧಿಕಾರವಿದೆ. ನೋಟರಿ, ಟ್ರಾವೆಲ್ ಏಜೆಂಟ್, ಕನ್ಸಲ್ಟೆಂಟ್ ಎಂದು ಬೋರ್ಡ್ ಹಾಕಿಕೊಂಡವರಿಗೆ ಇಲ್ಲ. ಪುಕ್ಕಟೆಯಾಗಿ ಕೇಸು ಹಿಡಿಯುವ ಸಂಸ್ಥೆಗಳ ಪಟ್ಟಿಯನ್ನು ವಲಸೆ ಕೋರ್ಟ್‌ಗಳೇ ಊರುವಾರು ಪ್ರಕಟಿಸುತ್ತವೆ. ಅವುಗಳಿಗೆ ಕೈಲಾದಷ್ಟು ದೇಣಿಗೆ ಕೊಡುವುದನ್ನು ಅಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿಕೊಂಡರೆ, ವಕೀಲರಿಲ್ಲದ ಒಂದು ಕೇಸಿಗಾದರೂ ವಕೀಲರು ಸಿಗುತ್ತಾರೆ.